ಕುಂಕುಮ ಹಚ್ಚಿದ ನಾಲ್ಕು ಡಿಗ್ರಿ

ನಿಂಬೆಹಣ್ಣಿನ ವಾಸನೆ ಬಂದ್ರೆ ಬೇರೆಯವ್ರಿಗೆ ಚಿತ್ರಾನ್ನ ನೆನಪಾಗುತ್ತೆ. ನಂಗೆ ಮೈಯೆಲ್ಲಾ ಉರಿಯುತ್ತೆ.

ಮೊನ್ನೆ ವಿಜಯದಶಮಿ ಕಳೆದ ಮಾರನೇ ದಿನ, ಸೊಸೆ ಗ್ರೈಂಡರ್‌ಗೆ ಬೆಲ್ಟ್ ತರೋಕೆ ಪೀಣ್ಯ ಎರಡನೇ ಹಂತಕ್ಕೆ ಹೋಗಿದ್ದೆ. ರಸ್ತೆ ತುಂಬಾ ಲಾರಿ ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು, ಒಡೆದ ಬೂದುಗುಂಬಳಕಾಯಿ, ಬಾಡಿದ ಬಾಳೆಕಂದು. ಆ ಹುಳಿ ವಾಸನೆಗೆ ಕಾಲು ತಾನಾಗೇ ನಾನು ಕೆಲಸ ಮಾಡ್ತಿದ್ದ ಗಿರೀಶನ ಹಳೇ ಗ್ಯಾರೇಜ್ ಶೆಡ್ ಕಡೆ ತಿರುಗ್ತು. ಈಗ ಅದು ಪಾರ್ಸೆಲ್ ಗೋಡೌನು. ಬಾಗಿಲಲ್ಲಿ ಕೂತಿದ್ದ ಸೆಕ್ಯೂರಿಟಿ, "ಯಾರು ಬೇಕಿತ್ತು ತಾತ?" ಅಂದ. "ಯಾರೂ ಬೇಡಪ್ಪ, ನಿಮ್ಮ ನೆಲ ನೋಡ್ಬೇಕು" ಅಂದೆ. ಮುದುಕನಿಗೆ ತಲೆ ಕೆಟ್ಟಿದೆ ಅಂತ ಪಕ್ಕಕ್ಕೆ ಸರಿದು ನಿಂತ.

ದಾರೀಲಿ ಚಕ್ರಕ್ಕೆ ಸಿಗದೆ ಉಳಿದಿದ್ದ ಒಂದು ನಿಂಬೆಹಣ್ಣು ಎತ್ಕೊಂಡು ಜೇಬಿಗೆ ಹಾಕ್ಕೊಂಡಿದ್ದೆ. ದೃಷ್ಟಿ ತೆಗೆದ ಹಣ್ಣು ಮುಟ್ಬಾರ್ದು ಅಂತಾರೆ. ನನ್ನ ವಿಷಯದಲ್ಲಿ ಹಣ್ಣೇ ಹೆದರ್ಕೋಬೇಕು. ಅದನ್ನ ಶಟರ್ ಒಳಗಡೆ ನೆಲದ ಮೇಲಿಟ್ಟು ಕೈ ಬಿಟ್ಟೆ. ಒಂದು ಕ್ಷಣ ಯೋಚನೆ ಮಾಡಿದಂಗೆ ನಿಂತು, ನಿಧಾನಕ್ಕೆ ಉರುಳ್ಕೊಂಡು ಹಿಂದಿನ ಗೋಡೆ ಹತ್ರ ಇರೋ ಮೋರಿಗೆ ಹೋಗಿ ಬಿತ್ತು.

ಮೂರು ವರ್ಷ ಆಯ್ತು. ಆ ನೆಲ ಅವತ್ತೂ ನಿಜ ಹೇಳಿತ್ತು, ಇವತ್ತೂ ನಿಜಾನೇ ಹೇಳ್ತಿದೆ. ಸುಳ್ಳು ಹೇಳಿದ್ದು ನಾವು.

ನನ್ನ ಹೆಸರು ನಂಜುಂಡಪ್ಪ. ಪೀಣ್ಯದ ಯಾವ ಲೇತ್ ಅಂಗಡೀಲಾದ್ರೂ 'ಚೇಷ್ಟೆ ನಂಜಣ್ಣ' ಅಂತ ಕೇಳಿ, ಮೊದ್ಲು ನಗ್ತಾರೆ, ಆಮೇಲೆ ಬೈತಾರೆ. ಮೂವತ್ತೆಂಟು ವರ್ಷ ಫ್ಯಾಕ್ಟರೀಲಿ ಫಿಟ್ಟರ್ ಆಗಿದ್ದೋನು. ಬೇರೆಯವ್ರು ಮೈಕ್ರೋಮೀಟರ್ ಹುಡುಕೋ ಅಷ್ಟರಲ್ಲಿ ನಾನು ಉಗುರಲ್ಲಿ ಸವರಿ ಎಷ್ಟು ಏರು ಎಷ್ಟು ತಗ್ಗು ಅಂತ ಹೇಳ್ತಿದ್ದೆ. ಲೋಹದ ಮೇಲೆ ಸುತ್ತಿಗೇಲಿ ಹೊಡೆದು ಒತ್ತೋ ಕನ್ನಡ ಅಕ್ಷರದ ಪಂಚು ಯಾವ ಅಂಗಡೀಲೂ ಸಿಗಲ್ಲ ಅಂತ, ಉಕ್ಕಿನ ಕಡ್ಡಿ ತಗೊಂಡು ನಾನೇ ಅರದಲ್ಲಿ ಉಜ್ಜಿ ಉಜ್ಜಿ ಅ ಇಂದ ಳ ತನಕ ಮಾಡ್ಕೊಂಡಿದೀನಿ. ಇಂಥೋನು ಇನ್ನೊಬ್ಬ ಇದ್ರೆ ಕರ್ಕೊಂಡ್ ಬನ್ನಿ, ಸ್ವಾಮಿ, ಕಾಲಿಗೆ ಬೀಳ್ತೀನಿ.

ರಿಟೈರ್ ಆದ್ಮೇಲೆ ಗಿರೀಶ ಕರೆದ. ದಾವಣಗೆರೆ ಹುಡುಗ, ಕಂಪ್ಯೂಟರ್ ಕೆಲಸ ಬಿಟ್ಟು ಹಳೇ ಕಾರುಗಳಿಗೆ ಹೊಸ ಇಂಜಿನ್ ಕೂರಿಸೋ ಗ್ಯಾರೇಜ್ ಹಾಕಿದ್ದ. ಆ ಶೆಡ್ ಮುಂಚೆ ವಾಟರ್ ಸರ್ವಿಸ್ ಆಗಿತ್ತು. ಅವನಿಗೆ ನಾನು ಮಾಡದ ಚೇಷ್ಟೆ ಇಲ್ಲ. ಗೇರ್ ಹಲ್ಲು ಎಲ್ಲಿ ತಾಗುತ್ತೆ ಅಂತ ನೋಡೋಕೆ ಒಂದು ನೀಲಿ ಬಣ್ಣ ಹಚ್ತೀವಿ, ಮೂರು ದಿನ ತೊಳೆದ್ರೂ ಹೋಗಲ್ಲ. ಅದನ್ನ ಅವನ ಫೋನಿಗೆ ಸವರಿಟ್ಟೆ. ಬ್ಯಾಂಕ್ ಮ್ಯಾನೇಜರ್ ಎದುರಿಗೆ ಒಂದು ಕಿವಿ ನೀಲಿ ಮಾಡ್ಕೊಂಡು ಕೂತಿದ್ದ, ಪುಣ್ಯಾತ್ಮ. ಬಂದು, "ಅಣ್ಣಾ, ನಿಮ್ಮ ವಯಸ್ಸಿಗೆ ಇದೆಲ್ಲಾ ಬೇಕಾ?" ಅಂದ. "ವಯಸ್ಸಾಗ್ಲಿ ಅಂತಾನೇ ಕಾಯ್ತಿದ್ದೆ ಕಣೋ, ಈಗ ಯಾರೂ ಹೊಡೆಯಲ್ಲ" ಅಂದೆ.

ಅಲ್ಲಿ ವೆಲ್ಡಿಂಗ್ ಮಾಡ್ತಿದ್ದೋಳು ಜಯಮ್ಮ. ನೆಲಮಂಗಲದ ಕಡೆ ಹೆಂಗಸು, ನಲವತ್ತರ ಹತ್ರ, ಐಟಿಐ ಮಾಡಿದ್ಲು. ಅವಳ ಬೆಸುಗೆ ನೋಡಿದ್ರೆ ಹೊಸ ನಾಣ್ಯ ಒಂದರ ಮೇಲೊಂದು ಒರಗಿಸಿ ಜೋಡಿಸಿದಂಗೆ ಇರೋದು. ನಾನು ಯಾರನ್ನೂ ಹೊಗಳೋ ಜಾತಿ ಅಲ್ಲ, ಬರ್ಕೊಳ್ಳಿ.

ಆ ವರ್ಷ ಮಳೆ ಹಿಡಿದಿದ್ದು ಬಿಡ್ಲೇ ಇಲ್ಲ. ಮಧ್ಯಾಹ್ನ ಮೂರಾದ್ರೆ ಶೀಟಿನ ಮೇಲೆ ಜಲ್ಲಿ ಸುರಿದಂಗೆ ಸದ್ದು, ಮಾತಾಡೋಕೆ ಕೂಗ್ಬೇಕಿತ್ತು. ಅಂಥಾ ಮಳೇಲಿ ಬಂದಿದ್ದು ಪಾಟೀಲ್ರ ಕಾರು. ಪಾಟೀಲ್ರು ಹುಬ್ಬಳ್ಳಿಯವ್ರು, ವೈಟ್‌ಫೀಲ್ಡಲ್ಲಿ ದೊಡ್ಡ ಅಪಾರ್ಟ್‌ಮೆಂಟು, ದೊಡ್ಡ ಕೆಲಸ. ಅವರಪ್ಪನ ಹಳೇ ಅಂಬಾಸಿಡರ್. ಅದಕ್ಕೆ ಜೀಪಿನ ಇಂಜಿನ್ನು, ಜೀಪಿನ ಗೇರ್‌ಬಾಕ್ಸು, ಪಿಕಪ್ ಗಾಡಿ ಹಿಂದಿನ ಆಕ್ಸಲ್ ಹಾಕ್ಬೇಕು.

ಈ ಕೆಲಸದಲ್ಲಿ ಕತ್ತು ಹಿಡಿಯೋದು ಒಂದೇ ಕಡೆ. ಗೇರ್‌ಬಾಕ್ಸ್ ಬಾಲದಿಂದ ಆಕ್ಸಲ್ ತನಕ ಉದ್ದಕ್ಕೆ ಒಂದು ಶಾಫ್ಟ್ ಓಡುತ್ತೆ. ಆಕ್ಸಲ್ ಕಡೆ ಅದು ಕೂರೋ ಮೂತಿಗೆ ಪಿನಿಯನ್ ಅಂತೀವಿ. ಎಲ್ರೂ ಏನ್ ತಿಳ್ಕೊಂಡಿರ್ತಾರೆ ಅಂದ್ರೆ, ಪಿನಿಯನ್ ಮೂತಿ ನೇರವಾಗಿ ಗೇರ್‌ಬಾಕ್ಸ್ ಕಡೆ ನೋಡ್ಬೇಕು ಅಂತ. ತಪ್ಪು. ಗೇರ್‌ಬಾಕ್ಸ್ ಬಾಲ ಎಷ್ಟು ಡಿಗ್ರಿ ಕೆಳಗೆ ನೋಡುತ್ತೋ, ಪಿನಿಯನ್ ಅಷ್ಟೇ ಡಿಗ್ರಿ ಮೇಲೆ ನೋಡ್ಬೇಕು. ಎರಡೂ ಒಂದೇ ವಾರೆಯಲ್ಲಿ ಇರ್ಬೇಕು, ರೈಲು ಕಂಬಿ ಥರ. ಅದರಲ್ಲೂ ಕಮಾನ್ ಪಟ್ಟಿ, ಅಂದ್ರೆ ಸ್ಪ್ರಿಂಗ್ ಪಟ್ಟಿ ಮೇಲೆ ಕೂರೋ ಆಕ್ಸಲ್ಲು ಜೋರು ಕೊಟ್ಟಾಗ ಮೂತಿ ಎತ್ತುತ್ತೆ, ಅದಕ್ಕೆ ಎರಡು ಡಿಗ್ರಿ ಮುಂಚೇನೇ ತಗ್ಗಿಸಿ ಕೂರಿಸ್ತೀವಿ. ಹೆಚ್ಚು ಕಮ್ಮಿ ಆದ್ರೆ ಗಾಡಿ ಚಳಿ ಜ್ವರ ಬಂದೋರ ಥರ ನಡುಗುತ್ತೆ.

ಅಳೆಯೋಕೆ ಆಂಗಲ್ ಗೇಜು ಇದೆ. ಬೆಂಕಿಪೊಟ್ಟಣದಷ್ಟು ಡಬ್ಬಿ, ಕೆಳಗೆ ಅಯಸ್ಕಾಂತ, ಎಲ್ಲಿಟ್ರೂ ಡಿಗ್ರಿ ತೋರಿಸುತ್ತೆ. ಆಯುಧಪೂಜೆ ಹಿಂದಿನ ದಿನ ಬೆಳಿಗ್ಗೆ ಜಯಮ್ಮ ಗೇರ್‌ಬಾಕ್ಸ್ ಅಳೆದ್ಲು. ನಾಲ್ಕು ಡಿಗ್ರಿ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ '೪' ಅಂತ ಬರೆದ್ಲು. ಅಷ್ಟರಲ್ಲಿ ಊರಿನ ಬಸ್ಸಿಗೆ ಟೈಮ್ ಆಯ್ತು. "ಪಿನಿಯನ್ನು ಅಬ್ಬ ಮುಗಿಸ್ಕಂಡು ಬಂದು ನೋಡ್ತೀನಿ ನಂಜಣ್ಣ" ಅಂತ ಹೊರಟ್ಲು. ಬಾಗಿಲ ತನಕ ಹೋಗಿ ವಾಪಸ್ ಬಂದ್ಲು. "ಇತ್ತಾಳೆ ಪಟ್ಟಿ ಮೇಲೆ ನನ್ನೆಸ್ರು ಒಡದ್ರಾ?"

ಗಿರೀಶನ ಹತ್ರ ಒಂದು ಪದ್ಧತಿ ಇತ್ತು. ಪ್ರತಿ ಕಾರಿನ ಬಾನೆಟ್ ಒಳಗೆ ಒಂದು ಹಿತ್ತಾಳೆ ಪಟ್ಟಿ, ಅದರ ಮೇಲೆ ಕೆಲಸ ಮಾಡಿದೋರ ಹೆಸರು. ಆವರೆಗೂ ಗಿರೀಶ, ನಂಜುಂಡಪ್ಪ, ಎರಡೇ. ಈ ಕಾರಿಂದ ಜಯಮ್ಮಂದೂ ಹಾಕೋಣ ಅಂತ ಅವನೇ ಹೇಳಿದ್ದ. ನಾನು ಪಂಚ್ ಹೊಡೆದಿದ್ದನ್ನ ತೋರಿಸಿದೆ. ಅವಳು ಒಂದೊಂದು ಅಕ್ಷರದ ಮೇಲೂ ಹೆಬ್ಬೆಟ್ಟು ಆಡಿಸಿ ನೋಡಿ, "ಮ್ಮ ಸ್ವಲ್ಪ ವಾರೆ" ಅಂದ್ಲು. "ನಿನ್ನ ಮೂತಿ ವಾರೆ, ಹೋಗೇ" ಅಂದೆ. ನಕ್ಕೊಂಡು ಹೋದ್ಲು.

ಅವತ್ತು ಸಂಜೆ ನನ್ನ ತಲೆಗೆ ಹುಳ ಹೊಕ್ತು.

ಪೂಜೆಗೆ ಅಂತ ಕಾರನ್ನ, ಜಯಮ್ಮ ಅಳೆಯೋಕೂ ಮುಂಚೇನೇ, ಪೂರ್ವಕ್ಕೆ, ಅಂದ್ರೆ ಶಟರ್ ಕಡೆ ಮೂತಿ ಮಾಡಿ ನಿಲ್ಲಿಸಿದ್ರು. ಪಾಟೀಲ್ರ ಮನೆಯವ್ರೆಲ್ಲಾ ಬರೋರಿದ್ರು, ಮೇಲೆ ಬಿಳೀ ಬಟ್ಟೆ ಹೊದಿಸಿ, ಪೂಜೆ ಆದ್ಮೇಲೆ ತೆಗೆದು ಫೋಟೋ ಹೊಡೆಯೋದು ಅಂತ ಗಿರೀಶನ ಪ್ಲಾನು. ಶಾಫ್ಟ್ ಇನ್ನೂ ಹಾಕಿರ್ಲಿಲ್ಲ, ತಳ್ಳಿದ್ರೆ ಸಲೀಸಾಗಿ ಹೋಗ್ತಿತ್ತು. ಪಕ್ಕದ ಲೇತ್‌ನವರು ಮೂರು ಜನನ್ನ ಕರ್ಕೊಂಡು ಕಾರನ್ನ ಪೂರ್ತಿ ತಿರುಗಿಸಿಬಿಟ್ಟೆ. ಮೂತಿ ಹಿಂದಿನ ಗೋಡೆಗೆ, ಡಿಕ್ಕಿ ಶಟರ್‌ಗೆ. ಮೇಲೆ ಅದೇ ಬಿಳೀ ಬಟ್ಟೆ.

ಬೆಳಿಗ್ಗೆ ಪೂಜಾರಿ ಬಂದು ಮಂತ್ರ ಹೇಳಿ, ಆರತಿ ಎತ್ತಿ, ಕುಂಬಳಕಾಯಿ ಒಡೆದ್ರು. ನಿಂಬೆಹಣ್ಣು ಇಡೋ ಕೆಲಸ ನಂದು. ಶಟರ್ ಕಡೆ ಚಕ್ರದ ಮುಂದಿಟ್ಟೆ, ಚಕ್ರದ ಪಕ್ಕದಿಂದ ನುಸುಳ್ಕೊಂಡು ಹಿಂದಕ್ಕೆ ಉರುಳ್ತು. ಎತ್ತಿ ಇಟ್ಟೆ. ಮತ್ತೆ ಉರುಳ್ತು. ಜನ ನಗೋಕೆ ಶುರು ಮಾಡಿದ್ರು. ಜೇಬಿಂದ ಒಂದು ನಟ್ಟು ತೆಗೆದು ಹಣ್ಣಿಗೆ ಒತ್ತು ಕೊಟ್ಟು ನಿಲ್ಲಿಸಿದೆ.

ಆ ನಟ್ಟು! ಅದನ್ನ ನೆನೆಸ್ಕೊಂಡ್ರೆ ಈಗ್ಲೂ ನನ್ನ ಕಪಾಳಕ್ಕೆ ನಾನೇ ಬಾರಿಸ್ಕೋಬೇಕು ಅನ್ಸುತ್ತೆ. ಮೂವತ್ತೆಂಟು ವರ್ಷ ಮಟ್ಟಗೋಲು ಹಿಡಿದ ನನ್ಮಗ, ನೆಲ ವಾರೆ ಇದೆ ಅಂತ ಒಂದು ಹಣ್ಣು ಎರಡು ಸಲ ಬಾಯಿಬಿಟ್ಟು ಹೇಳಿದ್ರೂ, ಬಾಯಿಗೆ ನಟ್ಟು ಹಾಕಿ ಮುಚ್ಚಿಸಿದೆ. ಯಾಕಂದ್ರೆ ನಂಗೆ ಅವಾಗ ಬಟ್ಟೆ ತೆಗೆಯೋದೇ ಧ್ಯಾನ.

ತೆಗೆದ್ರು. ಡಿಕ್ಕಿ! ಗಿರೀಶ ಹಾರ ಹಿಡ್ಕೊಂಡು ಹಿಂದಿನ ಲೈಟಿನ ಮುಂದೆ ಬಾಯ್ಬಿಟ್ಕೊಂಡು ನಿಂತಿದ್ದ. ಪಾಟೀಲ್ರ ಹೆಂಡ್ತಿ ಹೊಟ್ಟೆ ಹಿಡ್ಕೊಂಡು ನಕ್ಕರು. ಪಾಟೀಲ್ರು ನಗ್ಲಿಲ್ಲ. "ಏನ್ರೀ ಗಿರೀಶ, ಈ ಮುದುಕಗ ಬುದ್ಧಿ ಐತೋ ಇಲ್ಲೋ?" ಅಂದ್ರು. "ಐತ್ರೀ, ಎಲ್ಲಿ ಇಟ್ಟೀನಿ ಅಂತ ನೆನಪಿಲ್ಲ" ಅಂದೆ ಅವರ ಧಾಟೀಲೇ.

ಪೂಜೆ ಆದ ಗಾಡಿನ ವಿಜಯದಶಮಿ ತನಕ ಅಲ್ಲಾಡಿಸ್ಬಾರ್ದು ಅಂದ್ರು ಗಿರೀಶನ ತಾಯಿ. ಆ ಯಮ್ಮ ಕುಂಕುಮದ ಬಟ್ಟಲು ಹಿಡ್ಕೊಂಡು ಡ್ರಿಲ್ಲಿಂಗ್ ಮೆಷಿನ್ನು, ವೆಲ್ಡಿಂಗ್ ಸೆಟ್ಟು, ಕಾಫಿ ಫ್ಲಾಸ್ಕು, ಸಿಕ್ಕಿದ್ದಕ್ಕೆಲ್ಲಾ ವಿಭೂತಿ ಬಳಿದು ಬೊಟ್ಟಿಟ್ಟರು. ಗೋಡೆ ಮೇಲೆ ಜಯಮ್ಮ ಬರೆದಿದ್ದ '೪'ಕ್ಕೂ ಮೂರು ಎಳೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ.

ಹಬ್ಬ ಮುಗಿಸ್ಕೊಂಡು ಬಂದ ಜಯಮ್ಮ ಕಾರು ತಿರುಗಿರೋದು ನೋಡಿ ನಕ್ಕಳು. ಗೋಡೆ ನೋಡಿದ್ಲು. ಕುಂಕುಮ ಬಿದ್ದ ನಂಬರನ್ನ ಯಾರು ತಿರುಗಾ ಅಳೀತಾರೆ ಹೇಳಿ? ನಾನಾದ್ರೂ ಅಳೀತಿರ್ಲಿಲ್ಲ. ನಾಲ್ಕರಲ್ಲಿ ಎರಡು ಕಳೆದು, ಗೇಜಲ್ಲಿ ಎರಡು ಡಿಗ್ರಿ ಬರೋ ಹಾಗೆ ಪಿನಿಯನ್ ಮೂತಿ ಎತ್ತಿ, ಕಮಾನ್ ಪಟ್ಟಿ ಕೂರೋ ಸೀಟನ್ನ ಆಕ್ಸಲ್‌ಗೆ ಬೆಸೆದ್ಲು. ಚಿನ್ನದಂಥಾ ಕೆಲಸ.

ಹತ್ತು ದಿನ ಆದ್ಮೇಲೆ ತುಮಕೂರು ರಸ್ತೇಲಿ ಓಡಿಸಿ ನೋಡಿದ್ವಿ. ಅರವತ್ತು ದಾಟಿ ಆಕ್ಸಲರೇಟರ್ ಒತ್ತಿದ್ರೆ ಸೀಟೆಲ್ಲಾ ಗಡಗಡ. ಕಾಲು ತೆಗೆದ್ರೆ ಕಮ್ಮಿ. ಟೈರ್ ನೋಡಿದ್ವಿ, ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದ್ವಿ. ಕೊನೆಗೆ ಗಿರೀಶ ತಾನೇ ಕೆಳಗೆ ನುಗ್ಗಿ ಎರಡೂ ತುದಿ ಒಟ್ಟಿಗೆ ಅಳೆದ. ಪಿನಿಯನ್ ಇರ್ಬೇಕಾದ್ದಕ್ಕಿಂತ ಮೂರು ಡಿಗ್ರಿ ಜಾಸ್ತಿ ಮೇಲಿದೆ.

ಪಾಟೀಲ್ರೂ ಅಲ್ಲೇ ಇದ್ರು. "ಯಾರು ಬೆಸದದ್ದು?" ಅಂದ್ರು. ಗಿರೀಶ ಜಯಮ್ಮನ ಕಡೆ ನೋಡಿದ.

"ಹೆಣ್ಮಕ್ಕಳ ಕೈಯಾಗ ವೆಲ್ಡಿಂಗ್ ಕೊಟ್ರ ಮತ್ತೇನಾಕ್ಕೈತ್ರೀ? ರೊಟ್ಟಿ ಬಡಿಯೋ ಕೈ ಅದು."

"ನಾನು ಗೇಜ್ ಇಟ್ಟೇ ಮಾಡಿದ್ದು ಸಾರ್" ಅಂದ್ಲು ಜಯಮ್ಮ. "ಎಲ್ಡು ಡಿಗ್ರಿ. ಎಲ್ಡ್ ಸಲ ನೋಡಿದೀನಿ."

"ಮತ್ತೆ ಮೂರು ಡಿಗ್ರಿ ಎಲ್ಲಿಂದ ಬಂತು, ಆಕಾಶದಿಂದ ಬಿತ್ತಾ?" ಗಿರೀಶ ಕೂಗಿದ. ಒಂದೂವರೆ ವರ್ಷ ಅವಳ ಬೆಸುಗೆ ತೋರಿಸಿ ತೋರಿಸಿ ಗಿರಾಕಿ ಹಿಡಿದೋನು, ಒಬ್ಬ ಗಿರಾಕಿ ಮುಖ ಸಿಂಡರಿಸಿದ ತಕ್ಷಣ ಮಾತು ತಿರುಗಿಸಿದ. "ಕಬ್ಬಿಣ ಬಿಸಿಗೆ ಎಳ್ಕೊಂಡಿದೆ. ವೆಲ್ಡಿಂಗ್ ವಾರೆ. ನಂಜಣ್ಣ, ಆ ಪಟ್ಟಿಯಿಂದ ಇವಳ ಹೆಸರು ತೆಗೀರಿ."

ನಾನು ಏನ್ ಮಾಡಿದೆ ಗೊತ್ತಾ? ತೆಗೆದೆ. ಅರ ತಗೊಂಡು, ನಾನೇ ಹೊಡೆದ ಅಕ್ಷರನ ಅವಳ ಕಣ್ಣೆದುರಿಗೇ ಉಜ್ಜಿದೆ. ಗೇಜು ಸುಳ್ಳು ಹೇಳಲ್ಲ, ಅಂದ್ಮೇಲೆ ಕೈ ತಪ್ಪಿರ್ಬೇಕು ಅಂತ ನಾನೂ ನಂಬಿದ್ದೆ. ಹಿತ್ತಾಳೆ ಪುಡಿ ಬೂಟಿನ ಮೇಲೆ ಬೀಳ್ತಿತ್ತು. ಅವಳು ಅಳ್ಲಿಲ್ಲ. ಮುಖಕ್ಕೆ ಹಾಕೋ ಶೀಲ್ಡು, ಗ್ಲೌಸು ಚೀಲಕ್ಕೆ ತುಂಬ್ಕೊಂಡು ಮಳೇಲೇ ಹೊರಟುಹೋದ್ಲು. ಬೊಮ್ಮಸಂದ್ರದಲ್ಲಿ ಬಸ್ ಬಾಡಿ ಕಟ್ಟೋ ಕಡೆ ಸೇರ್ಕೊಂಡ್ಲು ಅಂತ ಆಮೇಲೆ ಗೊತ್ತಾಯ್ತು.

ಅದಾಗಿ ವಾರಕ್ಕೆ ಹಿಂದಿನ ಮೋರಿ ಕಟ್ಕೊಂಡಿದೆ ಅಂತ ಕಡ್ಡಿ ಹಾಕಿ ಕೆದಕ್ತಿದ್ದೆ. ಒಳಗಿಂದ ಒಣಗಿದ ನಿಂಬೆಹಣ್ಣು ಬಂತು. ಒಂದಲ್ಲ, ನಾಲ್ಕು. ಶಟರ್ ಹತ್ರ ಇಟ್ಟ ಹಣ್ಣು ಇಲ್ಲಿಗೆ ಹೆಂಗ್ ಬಂತು ಅಂತ ನಗ್ತಾ ತಲೆ ಎತ್ತಿದೋನು ಹಂಗೇ ನಿಂತ್ಬಿಟ್ಟೆ. ವಾಟರ್ ಸರ್ವಿಸ್ ಶೆಡ್ಡು. ನೀರು ಹರೀಲಿ ಅಂತ ಕಟ್ಟಿದ ನೆಲ.

ಗೇಜ್ ತಂದು ನೆಲಕ್ಕಿಟ್ಟೆ. ಒಂದೂವರೆ ಡಿಗ್ರಿ.

ಲೆಕ್ಕ ಬೆರಳಲ್ಲಿ ಎಣಿಸೋಷ್ಟು ಸುಲಭ. ಗೇರ್‌ಬಾಕ್ಸ್ ಅಳೆದಾಗ ಕಾರಿನ ಮೂತಿ ಏರು ಕಡೆ, ಒಂದೂವರೆ ಆ ಕಡೆ ತಪ್ಪು. ನಾನು ತಿರುಗಿಸಿದ್ಮೇಲೆ ಮೂತಿ ಇಳಿಜಾರಿಗೆ, ಒಂದೂವರೆ ಈ ಕಡೆ ತಪ್ಪು. ಒಟ್ಟು ಮೂರು. ಕಾರು ತಿರುಗದೇ ಇದ್ದಿದ್ರೆ ನೆಲ ವಾರೆ ಇದ್ರೂ ಎರಡು ತುದಿಗೂ ಒಂದೇ ವಾರೆ, ಏನೂ ಆಗ್ತಿರ್ಲಿಲ್ಲ. ಅವಳ ಕೈ ತಪ್ಪಿರ್ಲಿಲ್ಲ. ನನ್ನ ಚೇಷ್ಟೆ ಮೂರು ಡಿಗ್ರಿ ತಪ್ಪಿತ್ತು.

ಓಡಿಹೋಗಿ ಗಿರೀಶನಿಗೆ ಹೇಳಿದೆ. ಅವನು ಕಂಪ್ಯೂಟರಿಂದ ತಲೆ ಎತ್ತದೆ, "ಸಾಕು ಅಣ್ಣ, ಇವತ್ತು ತಮಾಷೆಗೆ ಮೂಡ್ ಇಲ್ಲ" ಅಂದ.

"ತಮಾಷೆ ಅಲ್ಲ ಕಣೋ!"

"ನನ್ನ ಕಿವಿ ನೀಲಿ ಮಾಡಿದ ದಿನಾನೂ ಮೊದ್ಲು ಹಿಂಗೇ ಅಂದಿದ್ರಿ."

ನಲವತ್ತು ವರ್ಷ ಊರಿಗೆಲ್ಲಾ ಟೋಪಿ ಹಾಕಿದೋನು ಒಂದೇ ಒಂದು ದಿನ ನಿಜ ಹೇಳೋಕೆ ಹೋದ್ರೆ ಕೇಳೋರಿಲ್ಲ. ಮೈ ಉರಿದುಹೋಯ್ತು. ಲೇತ್‌ನವರು ಅದೇ ಮೂರು ಜನನ್ನ ಕತ್ತು ಹಿಡಿದು ಕರ್ಕೊಂಡ್ ಬಂದೆ. ಪಿನಿಯನ್ ಮೇಲೆ ಗೇಜ್ ಇಟ್ಟು ಗಿರೀಶನಿಗೆ ತೋರಿಸಿದೆ. ಕಾರು ತಿರುಗಿಸಿ ಅದೇ ಜಾಗದಲ್ಲಿ ಮತ್ತೆ ಇಟ್ಟೆ. ಮೂರು ಡಿಗ್ರಿ ಬದಲಾಯ್ತು. "ಈಗ ಯಾರು ಬೆಸೆದ್ರೋ? ಯಾರ ಕೈ ವಾರೆಯೋ?" ಅಂತ ಕೂಗಿದೆ. ಅವನ ಮುಖ ಬಿಳಚಿಕೊಳ್ತು.

ಆಮೇಲೆ ಅವನು ಹೇಳಿದ ಮಾತಿದೆಯಲ್ಲ, ಅದಕ್ಕೆ ನಂಗೆ ಇನ್ನೂ ಕೋಪ ಇಳಿದಿಲ್ಲ. "ಜಯಮ್ಮನ್ನ ಕರೀರಿ ಅಣ್ಣ. ಆದ್ರೆ ಪಾಟೀಲ್ರಿಗೆ ಇದೆಲ್ಲಾ ಹೇಳೋದ್ ಬೇಡ. ವೆಲ್ಡಿಂಗ್ ಸರಿ ಮಾಡಿದ್ವಿ ಅಂದ್ರೆ ಆಯ್ತು. ನೆಲಾನೇ ವಾರೆ ಅಂದ್ರೆ ಗ್ಯಾರೇಜ್ ಮರ್ಯಾದೆ ಏನಾಗ್ಬೇಕು?"

ಗ್ಯಾರೇಜಿಗೆ ಮರ್ಯಾದೆ ಇದೆಯಂತೆ. ಬೆಸೆಯೋ ಕೈಗೆ ಇಲ್ವಂತೆ.

ಬೊಮ್ಮಸಂದ್ರ ಅಂದ್ರೆ ಊರಿನ ಆ ತುದಿ. ಮೂರು ಬಸ್ ಹತ್ತಿ ಇಳಿದು, ಶಿಫ್ಟ್ ಬಿಡೋ ಹೊತ್ತಿಗೆ ಗೇಟ್ ಮುಂದೆ ನಿಂತೆ. ಜಯಮ್ಮ ಬಂದ್ಲು, ನನ್ನ ನೋಡಿ ಪಕ್ಕದಲ್ಲೇ ಹೋದ್ಲು. ಹಿಂದೆ ಹಿಂದೆ ನಡ್ಕೊಂಡು ಎಲ್ಲಾ ಹೇಳಿದೆ. ಕಾರು ತಿರುಗಿಸಿದ್ದು, ನಟ್ಟು, ಮೋರಿ. ಬಸ್ ಸ್ಟಾಪಲ್ಲಿ ನಿಂತ್ಕೊಂಡ್ಲು.

"ಎಲ್ಡು ತುದೀನೂ ಒಟ್ಟಿಗೆ ಅಳೀಬೇಕಿತ್ತು ನಾನು. ಕುಂಕುಮ ನೋಡಿ ಮೋಸ ಓದೆ. ಅದು ನನ್ ತಪ್ಪು" ಅಂದ್ಲು. "ಆದ್ರೆ ವೆಲ್ಡಿಂಗ್ ವಾರೆ ಅಂದ್ರಲ್ಲಾ, ಅದು ಸುಳ್ಳು. ನೀವು ಅರ ತಗಂಡ್ರಲ್ಲಾ ನಂಜಣ್ಣ, ಅದು?"

"ಅದು ನನ್ನ ತಪ್ಪು" ಅಂದೆ. ನನ್ನ ಬಾಯಲ್ಲಿ ಆ ಮಾತು!

"ಭಾನುವಾರ ಬತ್ತೀನಿ. ನನ್ ಬೆಸುಗೆ ನಾನೇ ಕತ್ತರಿಸ್ತೀನಿ, ಇನ್ನೊಬ್ರು ಮುಟ್ಬಾರ್ದು. ಆ ಪಾಟೀಲ್ರೂ ಇರ್ಬೇಕು. ನೀವೇ ಏಳ್ಬೇಕು ಅವರಿಗೆ."

ಭಾನುವಾರ ಮಳೆ ಇರ್ಲಿಲ್ಲ. ಗಿರೀಶ ಬೇಡ ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡ್ತಿದ್ದ, ನಾನು ಪಾಟೀಲ್ರ ಮುಂದೆ ನಿಂತು ಎಲ್ಲಾ ಹೇಳಿದೆ. ಅವರು, "ಇದೂ ಒಂದು ಚಾಷ್ಟೀನ ಏನ್ರೀ?" ಅಂದ್ರು. ನಾನು ಉತ್ತರ ಕೊಡೋ ಮುಂಚೆ ಜಯಮ್ಮ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ಅವರ ಬೂಟಿನ ಪಕ್ಕ ಇಟ್ಲು. ಅದು ಉರುಳ್ಕೊಂಡು ಹೋಗೋದನ್ನ ಪಾಟೀಲ್ರು ಮೋರಿ ತನಕ ನೋಡಿದ್ರು.

ಆಮೇಲೆ ಅವಳು ಗ್ರೈಂಡರ್ ಹಿಡಿದು ತನ್ನದೇ ಬೆಸುಗೆ ಕತ್ತರಿಸಿದ್ಲು. ನೋಡೋಕಾಗ್ದೆ ನಾನು ಬೇರೆ ಕಡೆ ತಿರುಗಿದೆ. ಕಮಾನ್ ಪಟ್ಟಿ ಕೂರೋ ಸೀಟು ಸಡಿಲ ಮಾಡಿ, ಕಾರನ್ನ ಚಕ್ರದ ಮೇಲೆ ಇಳಿಸಿ, "ಗಾಡಿ ಮೇಲೆ ಭಾರ ಬೇಕು. ಪಾಟೀಲ್ ಸಾರ್, ಇಂದೆ ಕೂತ್ಕಳಿ. ಅಲ್ಲಾಡ್ಬೇಡಿ, ಗೇಜ್ ಓಡ್ತೈತೆ" ಅಂದ್ಲು. ಕೂತ್ರು. ನನ್ನ ಕಡೆ ತಿರುಗಿದ್ಲು. "ನೀವೂ ಅತ್ತಿ. ಕೈ ಎಲ್ಡೂ ಮಂಡಿ ಮೇಲೆ."

ಮುಕ್ಕಾಲು ಗಂಟೆ, ಪಾಟೀಲ್ರು ನಾನು ಅಕ್ಕಪಕ್ಕ, ಸ್ಕೂಲಲ್ಲಿ ಶಿಕ್ಷೆಗೆ ಕೂರಿಸಿದಂಗೆ. ನಾನು ಕೆಮ್ಮಿದ್ರೆ ಕೆಳಗಿಂದ, "ನಂಜಣ್ಣ!" ಅಂತ ಗದರೋಳು. ಒಂದ್ಸಲ ಪಾಟೀಲ್ರು ಫೋನ್ ತೆಗೆಯೋಕೆ ಹೋಗಿ ಬೈಸ್ಕೊಂಡ್ರು. ಕಾರು ಕದಲಿಸದೆ ಗೇರ್‌ಬಾಕ್ಸ್ ಅಳೆದ್ಲು, ಪಿನಿಯನ್ ಅಳೆದ್ಲು, ಮತ್ತೆ ಗೇರ್‌ಬಾಕ್ಸ್, ಮತ್ತೆ ಪಿನಿಯನ್. ಗೋಡೆ ಕಡೆ ತಿರುಗೂ ನೋಡ್ಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆಸೆದು ಮುಗಿಸಿದ್ಲು.

ತುಮಕೂರು ರಸ್ತೇಲಿ ಎಂಬತ್ತರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ನೀರಿನ ಲೋಟ ಇಟ್ಟೆ. ತುಳುಕಲಿಲ್ಲ.

ವಾಪಸ್ ಬಂದು ಪಾಟೀಲ್ರು ಗಿರೀಶನ ಕೈ ಕುಲುಕಿದ್ರು, ನನ್ನ ಕೈನೂ ಕುಲುಕಿದ್ರು. ಜಯಮ್ಮನ ಕಡೆ ತಿರುಗಿ, "ಭಾಳ ಚಲೋ ಆತು" ಅಂದ್ರು. ತಪ್ಪಾಯ್ತು ಅನ್ನೋ ಒಂದು ಪದ ಬರ್ಲಿಲ್ಲ ಆ ಬಾಯಿಂದ. ಅವಳು ಗ್ಲೌಸ್ ಬಿಚ್ತಾ, "ರೊಟ್ಟಿ ಅಲ್ಲ ಸಾರ್, ನಮ್ ಕಡೆ ಮುದ್ದೆ" ಅಂದ್ಲು. ಪಾಟೀಲ್ರ ಕಿವಿ ಕೆಂಪಾಯ್ತು. ನನ್ನ ನೀಲಿ ಬಣ್ಣಕ್ಕಿಂತ ಚೆನ್ನಾಗಿ ಹಿಡೀತು.

ಗಿರೀಶ ಹೊಸ ಹಿತ್ತಾಳೆ ಪಟ್ಟಿ ತಂದಿದ್ದ. ಪಳಪಳ ಅಂತಿತ್ತು. "ಮೂರು ಹೆಸರೂ ಹೊಸದಾಗಿ ಹೊಡೀರಿ ಅಣ್ಣ. ಜಯಮ್ಮಂದು ಮೊದ್ಲು ಹಾಕಿ."

"ಒಸಾದು ಬ್ಯಾಡ" ಅಂದ್ಲು ಜಯಮ್ಮ. "ಅಳೇ ಪಟ್ಟೀನೇ ಇರ್ಲಿ. ಎಲ್ಲಿ ಉಜ್ಜಿದ್ರೋ ಅಲ್ಲೇ ಒಡೀರಿ. ಉಜ್ಜಿದ್ದು ಕಾಣ್ಬೇಕು."

ಉಜ್ಜಿದ ಜಾಗ ತಗ್ಗಾಗಿತ್ತು, ಪಂಚ್ ಸರಿಯಾಗಿ ಕೂರ್ತಿರ್ಲಿಲ್ಲ. ನಾನು ಮಾಡಿದ ಪಂಚು, ನಾನು ಮಾಡಿದ ತಗ್ಗು. ಅವಳು ಕೈಕಟ್ಕೊಂಡು ಪಕ್ಕದಲ್ಲೇ ನಿಂತಿದ್ಲು. ಜ ಹೊಡೆದೆ. ಯ ಹೊಡೆದೆ. ಮೂರನೇ ಪಂಚು ಎತ್ಕೊಂಡೆ.

"ಮ್ಮ ನೆಟ್ಟಗೆ" ಅಂದ್ಲು.

ನೆಟ್ಟಗೇ ಹೊಡೆದೆ. ಅವಳು ಹೆಬ್ಬೆಟ್ಟು ಆಡಿಸಿ ನೋಡಿ, ಚೀಲ ಹೆಗಲಿಗೆ ಹಾಕ್ಕೊಂಡು ಬೊಮ್ಮಸಂದ್ರಕ್ಕೆ ಹೊರಟ್ಲು. ಗಿರೀಶ ಕೆಲಸಕ್ಕೆ ಬಾ ಅಂತ ರಸ್ತೆ ತನಕ ಹಿಂದೆ ಹೋದ. ಅವಳು ನಿಲ್ಲಲಿಲ್ಲ.

ಆ ಕಾರು ವೈಟ್‌ಫೀಲ್ಡ್ ಕಡೆ ಈಗ್ಲೂ ಓಡ್ತಿದೆಯಂತೆ. ಪಾಟೀಲ್ರು ಸ್ನೇಹಿತರಿಗೆಲ್ಲಾ ಬಾನೆಟ್ ಎತ್ತಿ ತೋರಿಸ್ತಾರಂತೆ. ಎತ್ತಿದ್ರೆ ಕಾಣುತ್ತೆ, ಮೂರು ಹೆಸರು, ಒಂದು ಮಾತ್ರ ತಗ್ಗಲ್ಲಿ, ಸುತ್ತ ಅರದ ಗೀರು. ಯಾಕ್ ಹಿಂಗಿದೆ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಏನ್ ಹೇಳ್ತಾರೋ ಆ ಮನುಷ್ಯ. ನಿಜ ಹೇಳ್ಲಿ ಅಂತ ನಂಗಾಸೆ. ಹೇಳಲ್ಲ, ನಂಗ್ಗೊತ್ತು.